ಒತ್ತಬಾರದ ಹೊತ್ತಿನಲ್ಲಿ ಬಟನ್ ಒತ್ತಿದರೆ: ಶೋ ಕಂಟ್ರೋಲರ್‌ನ ಟ್ರಿಗರ್ ಇನ್‌ಪುಟ್‌ಗಳ ಬಗ್ಗೆ

(ಮುಂಬಯಿಯ ಮಾಟುಂಗಾದಲ್ಲಿ ಕನ್ನಡ ಬಳಗದ ಗೆಳೆಯರ ಮುಂದೆ ಆಡಿದ ಮಾತುಗಳ ಬರಹ ರೂಪ. ಬೋರ್ಡಿನ ಮೇಲೆ ಬರೆದು ತೋರಿಸಿದ್ದನ್ನು ಇಲ್ಲಿ ಮಾತಿನಲ್ಲೇ ವಿವರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತಿರುವ ಹೆಚ್ಚಿನವರು ಒಂದಲ್ಲ ಒಂದು ಕಾರ್ಯಕ್ರಮದ ಹಿಂದೆ ನಿಂತು ದುಡಿಯುವವರು. ಕೆಲವರು ಗಣೇಶೋತ್ಸವ ಮಂಡಳದಲ್ಲಿದ್ದೀರಿ. ಕೆಲವರು ಯಕ್ಷಗಾನಕ್ಕೆ, ನಾಟಕಕ್ಕೆ ಲೈಟು, ಸೌಂಡು ನೋಡಿಕೊಳ್ಳುತ್ತೀರಿ. ಡೊಂಬಿವಲಿ, ಮೀರಾ ರೋಡ್ ಕಡೆಯಿಂದ ಲೋಕಲ್ ಹಿಡಿದು ಬಂದವರೂ ಇದ್ದೀರಿ. ಹಾಗಾಗಿ ಪೀಠಿಕೆ ಉದ್ದ ಮಾಡುವುದಿಲ್ಲ.

ಶೋ ಕಂಟ್ರೋಲರ್ ಎಂದರೆ ಒಂದು ಸಣ್ಣ ಪೆಟ್ಟಿಗೆ. ಯಾವ ಹೊತ್ತಿಗೆ ಯಾವ ಲೈಟು ಹತ್ತಬೇಕು, ಯಾವ ಆಡಿಯೊ ಓಡಬೇಕು, ಪರದೆಯ ಮೋಟರು ಯಾವಾಗ ತಿರುಗಬೇಕು ಎಂಬುದನ್ನೆಲ್ಲ ಅದರೊಳಗೆ ಮೊದಲೇ ತುಂಬಿಟ್ಟಿರುತ್ತೇವೆ. ಲೈಟುಗಳಿಗೆ ಡಿಎಂಎಕ್ಸ್ ಲೈನು, ಅಂದರೆ ಯಾವ ಲೈಟು ಎಷ್ಟು ಉರಿಯಬೇಕೆಂದು ಹೇಳುವ ಸಂಕೇತದ ವೈರು, ಹೋಗುತ್ತದೆ, ಒಂದು ಲೈನಿನಲ್ಲಿ 512 ಚಾನೆಲ್. ಮೋಟರುಗಳಿಗೆ ರಿಲೇ, ಅಂದರೆ ಒಳಗಿನ ಕಾಯಿಲ್‌ಗೆ ಕರೆಂಟು ಕೊಟ್ಟಾಗ ತಾನಾಗಿ ಆನ್ ಆಗುವ ಸ್ವಿಚ್ಚು. ಆಮೇಲೆ ಒಂದು ಮೂಲೆಯಲ್ಲಿ ಸಾಲಾಗಿ ಕೆಲವು ಸ್ಕ್ರೂ ಟರ್ಮಿನಲ್‌ಗಳು ಇರುತ್ತವೆ. ಅವೇ ಟ್ರಿಗರ್ ಇನ್‌ಪುಟ್. ‘ಈಗ ಶುರು ಮಾಡು’ ಎಂದು ಹೊರಗಿನಿಂದ ಹೇಳುವ ಬಾಗಿಲು ಅದು.

ಮಂಡಳದ ಚಲಿಸುವ ದೇಖಾವೆ, ಅಂದರೆ ಗೊಂಬೆ, ಬೆಳಕು, ಧ್ವನಿ ಸೇರಿದ ದೃಶ್ಯ, ಕಟ್ಟುವಾಗ ಎಲ್ಲರ ಗಮನ ಔಟ್‌ಪುಟ್ ಕಡೆಗೇ ಇರುತ್ತದೆ. ಗೊಂಬೆ ಹೇಗೆ ತಿರುಗುತ್ತದೆ, ಹೊಗೆ ಎಷ್ಟು ಬರುತ್ತದೆ, ಧ್ವನಿ ಚೆನ್ನಾಗಿದೆಯಾ ಎಂದು ವಾರಗಟ್ಟಲೆ ಚರ್ಚೆ ನಡೆಯುತ್ತದೆ. ಇನ್‌ಪುಟ್ ವಿಷಯ ಬರುವುದು ಉದ್ಘಾಟನೆಯ ಹಿಂದಿನ ರಾತ್ರಿ. ಯಾರೋ ಒಂದು ಕಾಲಿಂಗ್ ಬೆಲ್ ಸ್ವಿಚ್ಚು ತಂದು ಎರಡು ವೈರು ಸಿಕ್ಕಿಸುತ್ತಾರೆ. ಒತ್ತಿ ನೋಡುತ್ತಾರೆ, ಶೋ ಶುರುವಾಗುತ್ತದೆ. ಕೆಲಸ ಮುಗಿಯಿತು ಅಂದುಕೊಳ್ಳುತ್ತಾರೆ. ನನಗೆ ಇದು ನಿಜವಾಗಿಯೂ ಬೇಸರ ತರುತ್ತದೆ. ಏಕೆಂದರೆ ಜನರ ಮುಂದೆ ಶೋ ಕೆಡುವುದು ಹೆಚ್ಚಾಗಿ ಇಲ್ಲೇ.

ಬಟನ್ ಒತ್ತಿದರೆ ಶೋ ಶುರುವಾಗುವ ಹಾಗೆ ಮಾಡುವುದು ಹತ್ತು ನಿಮಿಷದ ಕೆಲಸ. ಒತ್ತಬಾರದ ಹೊತ್ತಿನಲ್ಲಿ ಒತ್ತಿದರೆ ಏನಾಗಬೇಕು? ಯಾರೂ ಒತ್ತದೆಯೇ ಒತ್ತಿದ ಹಾಗಾದರೆ? ಒತ್ತಿದ್ದು ಅಲ್ಲೇ ಸಿಕ್ಕಿಕೊಂಡರೆ? ಇದನ್ನು ತೀರ್ಮಾನಿಸುವುದರಲ್ಲೇ ಉಳಿದ ಕೆಲಸವೆಲ್ಲ ಇದೆ. ಯಕ್ಷಗಾನದಲ್ಲಿ ಮುಂದಿನ ವೇಷಧಾರಿ ಚೌಕಿಯಿಂದ ಬಂದು ಸಿದ್ಧವಾಗಿ ನಿಂತಿದ್ದರೂ ಭಾಗವತರು ನಡೆಯುತ್ತಿರುವ ಪದ್ಯ ಮುಗಿಸದೆ ಅವರ ಪ್ರವೇಶಕ್ಕೆ ದನಿ ಎತ್ತುವುದಿಲ್ಲ. ಆ ವಿವೇಕ ಪೆಟ್ಟಿಗೆಗೆ ಇಲ್ಲ. ನಾವೇ ಅದಕ್ಕೆ ಬರೆದು ಕೊಡಬೇಕು.

ಮೊದಲು ವೈರಿನಿಂದ ಶುರು ಮಾಡೋಣ.

ಹೆಚ್ಚಿನ ಕಂಟ್ರೋಲರ್‌ಗಳ ಇನ್‌ಪುಟ್ ‘ಡ್ರೈ ಕಾಂಟ್ಯಾಕ್ಟ್’ ಕೇಳುತ್ತದೆ. ಅಂದರೆ ಹೊರಗಿನಿಂದ ಯಾವ ವೋಲ್ಟೇಜೂ ಬರಬಾರದು. ಎರಡು ವೈರು ಒಂದಕ್ಕೊಂದು ಮುಟ್ಟಬೇಕು, ಅಷ್ಟೆ. ಪೆಟ್ಟಿಗೆಯ ಒಳಗೆ ಒಂದು ರೆಸಿಸ್ಟರ್ ಇನ್‌ಪುಟ್ಟನ್ನು ಮೇಲಕ್ಕೆ, 5 ವೋಲ್ಟಿಗೋ 24 ವೋಲ್ಟಿಗೋ ಎಳೆದು ಹಿಡಿದಿರುತ್ತದೆ. ಬಟನ್ ಒತ್ತಿದಾಗ ಅದು ಗ್ರೌಂಡಿಗೆ ಇಳಿಯುತ್ತದೆ. ಆ ಇಳಿತವನ್ನೇ ಕಂಟ್ರೋಲರ್ ‘ಟ್ರಿಗರ್ ಬಂತು’ ಎಂದು ಓದುತ್ತದೆ. ಇನ್ನು ಕೆಲವು ಪೆಟ್ಟಿಗೆಗಳು ಹೊರಗಿನಿಂದಲೇ 12 ಅಥವಾ 24 ವೋಲ್ಟ್ ಡಿಸಿ ಕೇಳುತ್ತವೆ, ಒಳಗೆ ಬೆಳಕಿನ ಮೂಲಕ ಸಂಕೇತ ದಾಟಿಸುವ ಆಪ್ಟೊಕಪ್ಲರ್ ಇರುತ್ತದೆ. ನಿಮ್ಮದು ಯಾವುದು ಎಂದು ಮ್ಯಾನ್ಯುಯಲ್ ನೋಡಿಯೇ ವೈರು ಎಳೆಯಿರಿ.

ಇಲ್ಲಿ ಒಂದು ವಿಷಯ ಗಟ್ಟಿಯಾಗಿ ಹೇಳಬೇಕು. ನಮ್ಮ ಮನೆಯ ಕಾಲಿಂಗ್ ಬೆಲ್ ಸ್ವಿಚ್ಚು ಓಡುವುದು 230 ವೋಲ್ಟಿನಲ್ಲಿ. ಎಲೆಕ್ಟ್ರಿಷಿಯನ್‌ಗೆ ‘ಒಂದು ಬಟನ್ ಹಾಕಿಕೊಡಪ್ಪ’ ಎಂದಷ್ಟೇ ಹೇಳಿದರೆ ಅವನು ಅಭ್ಯಾಸಬಲದಿಂದ ಫೇಸ್ ಎಳೆದುಬಿಡುವ ಅಪಾಯ ಇದೆ. ಅದು ಇನ್‌ಪುಟ್ ಟರ್ಮಿನಲ್‌ಗೆ ಬಂದರೆ ಪೆಟ್ಟಿಗೆ ಸುಡುತ್ತದೆ. ಬಟನ್ ಹತ್ತಿರ ನಿಂತ ಹುಡುಗನ ಜೀವಕ್ಕೂ ಅಪಾಯ. ಟ್ರಿಗರ್ ಬಟನ್ನನ್ನು ಪ್ಲಗ್ ಪಾಯಿಂಟ್ ಇರುವ ಸ್ವಿಚ್ ಬೋರ್ಡಿನಲ್ಲಿ ಎಂದೂ ಕೂರಿಸಬೇಡಿ. ಬೇರೆ ಡಬ್ಬಿ, ಬೇರೆ ಬಣ್ಣದ ವೈರು. ಎಲ್ಲಾದರೂ 230 ವೋಲ್ಟಿನ ಸಂಕೇತವನ್ನೇ ಟ್ರಿಗರ್ ಆಗಿ ಬಳಸಬೇಕಾಗಿ ಬಂದರೆ ಮಧ್ಯೆ 230 ವೋಲ್ಟ್ ಕಾಯಿಲ್ ಇರುವ ರಿಲೇ ಹಾಕಿ, ಅದರ ಕಾಂಟ್ಯಾಕ್ಟನ್ನು ಮಾತ್ರ ಕಂಟ್ರೋಲರ್‌ಗೆ ಕೊಡಿ. ಲೋಹಾರ್ ಚಾಳಿನ ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ ಕೇಳಿದರೆ ಇಂಥ ರಿಲೇ ಸಿಗುತ್ತದೆ.

ಮುಂಬಯಿಗೆ ಸಮುದ್ರದ ಗಾಳಿ ಇದೆ. ಗಣೇಶ ಚೌತಿ ಬರುವುದು ಮಳೆಗಾಲದಲ್ಲಿ. ಸ್ವಿಚ್ಚಿನ ಒಳಗಿನ ಲೋಹದ ಮೇಲೆ ತೆಳುವಾದ ಪೊರೆ ಕಟ್ಟುತ್ತದೆ. ಜಾಸ್ತಿ ಕರೆಂಟು ಹರಿಯುವ ಕಡೆ ಆ ಪೊರೆ ಸುಟ್ಟು ಹೋಗುತ್ತದೆ, ತೊಂದರೆ ಕಾಣುವುದಿಲ್ಲ. ಆದರೆ ನಮ್ಮ ಇನ್‌ಪುಟ್‌ನಲ್ಲಿ ಹರಿಯುವ ಕರೆಂಟು ಒಂದು ಮಿಲಿಆಂಪಿಗಿಂತಲೂ ಕಡಿಮೆ ಇರಬಹುದು. ಅಷ್ಟು ಸಣ್ಣ ಕರೆಂಟಿಗೆ ಪೊರೆ ಒಡೆಯುವುದಿಲ್ಲ. ಬಟನ್ ಒತ್ತುತ್ತೀರಿ, ಟಕ್ ಎನ್ನುತ್ತದೆ, ಏನೂ ಆಗುವುದಿಲ್ಲ. ಜನ ಸಾಫ್ಟ್‌ವೇರ್ ಬೈಯುತ್ತಾರೆ. ದೊಡ್ಡ ಲೋಡಿಗೆ ಮಾಡಿದ ಭಾರಿ ಸ್ವಿಚ್ಚು ಇಲ್ಲಿ ಗುಣವಲ್ಲ, ದೋಷ. ಚಿನ್ನದ ಲೇಪ ಇರುವ ಸಣ್ಣ ಸಿಗ್ನಲ್ ಕಾಂಟ್ಯಾಕ್ಟ್ ಇರುವ ಬಟನ್ ಕೇಳಿ ತನ್ನಿ. ಅದು ಸಿಗದಿದ್ದರೆ 24 ವೋಲ್ಟಿನಲ್ಲಿ ಕೆಲವು ಮಿಲಿಆಂಪ್ ಹರಿಯುವ ಇನ್‌ಪುಟ್ ಆರಿಸಿಕೊಳ್ಳಿ.

ವೈರು ಉದ್ದವಾದರೆ ಮತ್ತೊಂದು ಕಷ್ಟ. ಮಂಡಪದ ಬಾಗಿಲಿನಿಂದ ಸ್ಟೇಜಿನ ಹಿಂದಕ್ಕೆ 30 ಮೀಟರ್ ಸುಲಭವಾಗಿ ಆಗುತ್ತದೆ. ಆ ವೈರು ಡಿಮ್ಮರ್ ಕೇಬಲ್ಲಿನ ಪಕ್ಕದಲ್ಲೇ ಕಟ್ಟಿದ್ದರೆ ಅದು ಆಂಟೆನಾ ಆಗುತ್ತದೆ. ಹೆಣೆದ ಜೋಡಿ ವೈರು ಬಳಸಿ. ಶೀಲ್ಡ್, ಅಂದರೆ ವೈರಿನ ಸುತ್ತ ಲೋಹದ ಹೊದಿಕೆ, ಇದ್ದರೆ ಅದನ್ನು ಕಂಟ್ರೋಲರ್ ಬದಿಯಲ್ಲಿ ಮಾತ್ರ ಅರ್ಥ್ ಮಾಡಿ. ಪವರ್ ಕೇಬಲ್ ದಾಟಲೇಬೇಕಾದರೆ ಅಡ್ಡಲಾಗಿ ದಾಟಿ, ಜೊತೆಜೊತೆಗೆ ಓಡಿಸಬೇಡಿ. ಸುಳ್ಳು ಸಂಕೇತದ ಇನ್ನೊಂದು ಮೂಲ ನಿಮ್ಮದೇ ರಿಲೇ. ಡಿಸಿ ರಿಲೇಯ ಕಾಯಿಲ್ ಆಫ್ ಆದಾಗ ವೋಲ್ಟೇಜು ಜಿಗಿಯುತ್ತದೆ. ಕಾಯಿಲ್‌ಗೆ ಅಡ್ಡಲಾಗಿ 1ಎನ್4007 ಡಯೋಡ್ ಹಾಕಿಲ್ಲದಿದ್ದರೆ ಆ ಜಿಗಿತ ಇನ್‌ಪುಟ್‌ಗೆ ಬಂದು ಬಟನ್ ಒತ್ತಿದ ಹಾಗೆ ಕಾಣಬಹುದು. ಪರದೆ ಮುಚ್ಚಿದ ಕೂಡಲೇ ಶೋ ತನ್ನಷ್ಟಕ್ಕೆ ಮತ್ತೆ ಶುರುವಾಗುತ್ತಿದ್ದರೆ ಮೊದಲು ಇದನ್ನು ನೋಡಿ. ಲ್ಯಾಮಿಂಗ್ಟನ್ ರೋಡಿನಲ್ಲಿ ಈ ಡಯೋಡು ಚಿಲ್ಲರೆ ಕಾಸಿಗೆ ಸಿಗುತ್ತದೆ.

ಈಗ ಸೆಟ್ಟಿಂಗ್‌ಗಳಿಗೆ ಬರೋಣ. ಯಾವ ಸ್ವಿಚ್ಚೂ ಒಂದೇ ಸಲ ಮುಚ್ಚುವುದಿಲ್ಲ. ಲೋಹ ಲೋಹಕ್ಕೆ ಬಡಿದು ಕೆಲವು ಮಿಲಿಸೆಕೆಂಡ್ ಕುಣಿಯುತ್ತದೆ. ಕಂಟ್ರೋಲರ್ ಚುರುಕಾಗಿದ್ದರೆ ಒಂದು ಒತ್ತುವಿಕೆಯನ್ನು ನಾಲ್ಕೈದು ಎಂದು ಎಣಿಸುತ್ತದೆ. ಇದನ್ನು ತಡೆಯುವುದೇ ‘ಡಿಬೌನ್ಸ್’ ಸೆಟ್ಟಿಂಗ್. ಇನ್‌ಪುಟ್ ಇಷ್ಟು ಮಿಲಿಸೆಕೆಂಡ್ ಸ್ಥಿರವಾಗಿ ಇದ್ದರೆ ಮಾತ್ರ ನಂಬು ಎಂದು ಹೇಳುವುದು. ನಮ್ಮ ಕರೆಂಟು 50 ಹರ್ಟ್ಸ್, ಒಂದು ಸುತ್ತಿಗೆ 20 ಮಿಲಿಸೆಕೆಂಡ್. ಪಕ್ಕದ ಪವರ್ ಕೇಬಲ್ಲಿನಿಂದ ಬರುವ ಅದರ ಮಿಡಿತವನ್ನು ಒತ್ತುವಿಕೆ ಎಂದು ಓದದ ಹಾಗೆ ಡಿಬೌನ್ಸ್ 20ಕ್ಕಿಂತ ಮೇಲೆಯೇ ಇರಲಿ. ನಾನು 50ರಿಂದ ಶುರು ಮಾಡುತ್ತೇನೆ. ಎಷ್ಟೇ ಬೇಗ ಬೆರಳು ತಾಗಿಸಿ ತೆಗೆದರೂ ಬಟನ್ ಸುಮಾರು ಸೆಕೆಂಡಿನ ಹತ್ತನೇ ಒಂದು ಭಾಗ ಒತ್ತಿಯೇ ಇರುತ್ತದೆ. ಆದ್ದರಿಂದ 50 ಇಟ್ಟರೆ ನಿಜವಾದ ಒತ್ತುವಿಕೆ ತಪ್ಪುವುದಿಲ್ಲ.

ಮುಂದಿನದು ‘ಎಡ್ಜ್’ ಮತ್ತು ‘ಲೆವೆಲ್’. ಎಡ್ಜ್ ಅಂದರೆ ಸ್ಥಿತಿ ಬದಲಾದ ಕ್ಷಣ. ಲೆವೆಲ್ ಅಂದರೆ ಸ್ಥಿತಿ ಹಾಗೇ ಇರುವಷ್ಟು ಹೊತ್ತು. ಬಾಗಿಲಲ್ಲಿ ಕಾಲು ಇಟ್ಟರೆ ಒತ್ತುವ ಮ್ಯಾಟ್ ಸ್ವಿಚ್ ಹಾಕಿದ್ದೀರಿ ಎಂದುಕೊಳ್ಳಿ. ಯಾರೋ ಅದರ ಮೇಲೆ ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂತರು. ಲೆವೆಲ್ ಟ್ರಿಗರ್ ಆಗಿದ್ದರೆ ಶೋ ಮುಗಿದ ಕೂಡಲೇ ಮತ್ತೆ ಶುರು, ಮತ್ತೆ ಶುರು. ಎಡ್ಜ್ ಆಗಿದ್ದರೆ ಒಮ್ಮೆ ಓಡಿ ಆಮೇಲೆ ಸತ್ತ ಹಾಗೆ ಸುಮ್ಮನಾಗುತ್ತದೆ, ಯಾಕೆಂದು ಯಾರಿಗೂ ತಿಳಿಯುವುದಿಲ್ಲ. ನನ್ನ ಆಯ್ಕೆ ಎಡ್ಜ್. ಆದರೆ ಅದರ ಜೊತೆಗೆ ಇನ್ನೊಂದು ಷರತ್ತು ಸೇರಿಸುತ್ತೇನೆ. ಇನ್‌ಪುಟ್ 30 ಸೆಕೆಂಡಿಗಿಂತ ಜಾಸ್ತಿ ಒತ್ತಿದ ಸ್ಥಿತಿಯಲ್ಲೇ ಇದ್ದರೆ ಸ್ಟೇಜಿನ ಹಿಂದೆ ಒಂದು ಹಳದಿ ದೀಪ ಹತ್ತಲಿ. ಹುಡುಗರು ಹೋಗಿ ನೋಡುತ್ತಾರೆ, ಕುರ್ಚಿ ತೆಗೆಯುತ್ತಾರೆ.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ಭಾಗ. ಶೋ ಓಡುತ್ತಿರುವಾಗಲೇ ಟ್ರಿಗರ್ ಮತ್ತೆ ಬಂದರೆ ಏನು ಮಾಡಬೇಕು?

ಕಂಟ್ರೋಲರ್ ಸಾಮಾನ್ಯವಾಗಿ ಕೆಲವು ದಾರಿ ಕೊಡುತ್ತದೆ. ಗಮನಿಸದೆ ಬಿಡಬಹುದು. ಮೊದಲಿನಿಂದ ಶುರು ಮಾಡಬಹುದು. ನೆನಪಿಟ್ಟುಕೊಂಡು ಈಗಿನದು ಮುಗಿದ ಮೇಲೆ ಓಡಿಸಬಹುದು. ಇಲ್ಲವೇ ನಿಲ್ಲಿಸಬಹುದು. ಪೆಟ್ಟಿಗೆ ಫ್ಯಾಕ್ಟರಿಯಿಂದ ಬಂದಾಗ ಇದರಲ್ಲಿ ಯಾವುದೋ ಒಂದು ಆಗಲೇ ಆಯ್ಕೆಯಾಗಿರುತ್ತದೆ. ಅದನ್ನು ನೋಡದೆ ಬಿಟ್ಟರೆ ನಿಮ್ಮ ಮಂಡಪದ ತೀರ್ಮಾನವನ್ನು ಎಲ್ಲೋ ದೂರದಲ್ಲಿ ಕೂತ ಎಂಜಿನಿಯರ್ ಮಾಡಿದ ಹಾಗಾಯಿತು. ಅವರು ನಿಮ್ಮ ಜನಸಂದಣಿ ಕಂಡವರಲ್ಲ.

ವರ್ಲಿಯ ನೆಹರೂ ವಿಜ್ಞಾನ ಕೇಂದ್ರಕ್ಕೆ ನಿಮ್ಮಲ್ಲಿ ಬಹಳ ಜನ ಮಕ್ಕಳನ್ನು ಕರೆದುಕೊಂಡು ಹೋಗಿರುತ್ತೀರಿ. 1985ರಲ್ಲಿ ಜನರಿಗೆ ತೆರೆದ ಜಾಗ ಅದು. ಅಂಥ ಕಡೆ ಮಗು ಬಟನ್ ಒತ್ತುತ್ತದೆ, ಅರ್ಧ ನೋಡುತ್ತದೆ, ಮುಂದಿನದಕ್ಕೆ ಓಡುತ್ತದೆ. ಹಿಂದೆ ಬಂದ ಮಗು ಮತ್ತೆ ಒತ್ತುತ್ತದೆ. ಅರ್ಧ ನಿಮಿಷದ ಪ್ರದರ್ಶನವಾದರೆ ಇಲ್ಲಿ ‘ಮೊದಲಿನಿಂದ ಶುರು’ ಎನ್ನುವುದೇ ಸರಿ, ಎರಡನೇ ಮಗುವಿಗೂ ಪೂರ್ತಿ ಕಾಣುತ್ತದೆ. ಅದೇ ಸೆಟ್ಟಿಂಗನ್ನು 8 ನಿಮಿಷದ ದೇಖಾವೆಗೆ ಹಾಕಿ ನೋಡಿ. ಏಳನೇ ನಿಮಿಷಕ್ಕೆ ಯಾರೋ ಒತ್ತಿದರೆ ಒಳಗೆ ನಿಂತ ಅಷ್ಟೂ ಜನಕ್ಕೆ ಕೊನೆ ಕಾಣದೆ ಹೋಗುತ್ತದೆ. ಗಂಟೆಗಟ್ಟಲೆ ಸಾಲಿನಲ್ಲಿ ನಿಂತು ಬಂದ ಅಜ್ಜಿಗೆ ದೇವರ ಮುಖದ ಮೇಲೆ ಬೆಳಕು ಬೀಳುವ ಆ ಕೊನೆಯ ಭಾಗವೇ ತಪ್ಪಿದರೆ ಹೇಗನ್ನಿಸಬೇಕು? ದೊಡ್ಡ ಶೋಗೆ ‘ಗಮನಿಸಬೇಡ’ ಎಂಬುದೇ ನನ್ನ ಉತ್ತರ.

ಶೋ ಮುಗಿದ ಮೇಲೂ ಸ್ವಲ್ಪ ಹೊತ್ತು ಟ್ರಿಗರ್‌ನ ಬಾಗಿಲು ಹಾಕಿರಲಿ. ಗೊಂಬೆಗಳು ಮೊದಲಿನ ಜಾಗಕ್ಕೆ ಬರಬೇಕು, ಪರದೆ ಮುಚ್ಚಬೇಕು, ಹೊಗೆ ಇಳಿಯಬೇಕು, ಒಂದು ತಂಡ ಹೊರಗೆ ಹೋಗಿ ಇನ್ನೊಂದು ಒಳಗೆ ಬರಬೇಕು. ಇದನ್ನು ‘ಲಾಕ್‌ಔಟ್’ ಸಮಯ ಎನ್ನುತ್ತಾರೆ. ಎಷ್ಟು ಬೇಕೆಂದು ಕುಳಿತಲ್ಲೇ ಊಹಿಸಬೇಡಿ. ಸ್ಟಾಪ್‌ವಾಚ್ ಹಿಡಿದು, ಜನ ತುಂಬಿದ ಸಂಜೆ, ಹೋಗುವ ತಂಡದ ಕೊನೆಯವರು ಬಾಗಿಲು ದಾಟುವವರೆಗೆ ಎಣಿಸಿ. ಗೊಂಬೆಯ ಮೋಟರಿಗೆ ಲಿಮಿಟ್ ಸ್ವಿಚ್ ಇದ್ದರೆ ಇನ್ನೂ ಒಳ್ಳೆಯದು. ‘ಮೊದಲ ಜಾಗಕ್ಕೆ ಬಂದಿದೆ’ ಎಂಬ ಸಂಕೇತ ಬರುವವರೆಗೆ ಶುರುವಿನ ಟ್ರಿಗರನ್ನು ಒಪ್ಪಬೇಡ ಎಂದು ಷರತ್ತು ಹಾಕಿ. ಆಗ ಮೋಟರು ನಿಧಾನವಾದ ದಿನವೂ ಶೋ ಅರ್ಧದಲ್ಲಿ ಶುರುವಾಗುವುದಿಲ್ಲ.

ಆದರೆ ಬರೀ ಗಮನಿಸದೆ ಬಿಟ್ಟರೆ ಇನ್ನೊಂದು ತೊಂದರೆ ಬರುತ್ತದೆ. ಜನ ಬಟನ್ನನ್ನು ಯಾಕೆ ಮತ್ತೆ ಮತ್ತೆ ಕುಟ್ಟುತ್ತಾರೆ? ಒತ್ತಿದ್ದು ತಲುಪಿತೋ ಇಲ್ಲವೋ ಎಂದು ಅವರಿಗೆ ಯಾರೂ ಹೇಳುವುದಿಲ್ಲ, ಅದಕ್ಕೆ. ಬಟನ್ ಪಕ್ಕದಲ್ಲಿ ಒಂದು ಹಸಿರು ದೀಪ ಇಡಿ. ಕಂಟ್ರೋಲರ್ ಟ್ರಿಗರ್ ತೆಗೆದುಕೊಳ್ಳಲು ಸಿದ್ಧವಾಗಿದ್ದಾಗ ಮಾತ್ರ ಅದು ಉರಿಯಲಿ, ಒತ್ತಿದ ಕೂಡಲೇ ಆರಲಿ. ಒಂದು ಔಟ್‌ಪುಟ್ ಖರ್ಚಾಗುತ್ತದೆ, ಆಗಲಿ ಬಿಡಿ. ಶೋ ಮೂರು ಸೆಕೆಂಡ್ ಮೌನದಿಂದ ಶುರುವಾಗುವುದಿದ್ದರೆ ಆ ಮೌನದಲ್ಲೂ ಸಭೆಯ ಲೈಟು ಇಳಿಯುವುದಾದರೂ ಕಾಣಲಿ. ಒತ್ತಿ ಒಂದು ಸೆಕೆಂಡಿನಲ್ಲಿ ಏನೂ ಆಗದಿದ್ದರೆ ಬೆರಳು ಮತ್ತೆ ಹೋಗುತ್ತದೆ. ಮನುಷ್ಯರ ಸ್ವಭಾವ ಅದು, ಅವರನ್ನು ಬೈದು ಪ್ರಯೋಜನ ಇಲ್ಲ.

ಸರದಿಯಲ್ಲಿ ನಿಲ್ಲಿಸುವ ದಾರಿ, ಅಂದರೆ ‘ಕ್ಯೂ’, ಕೇಳಲು ಚೆನ್ನಾಗಿದೆ. ಬಾಗಿಲ ಹುಡುಗ ಮುಂದಿನ ತಂಡ ಬಂತು ಎಂದು ಮೊದಲೇ ಒತ್ತಿಡಬಹುದು ಅಲ್ವಾ ಅನ್ನಿಸುತ್ತದೆ. ಆದರೆ ಐದು ಸಲ ಒತ್ತಿದರೆ ಐದು ಶೋ ಸಾಲಾಗಿ ಓಡುತ್ತವೆ, ಒಳಗೆ ಜನ ಇರಲಿ ಇಲ್ಲದಿರಲಿ. ಬಳಸುವುದಾದರೆ ಸರದಿಯ ಉದ್ದ ಒಂದಕ್ಕೆ ಮಿತಿ ಮಾಡಿ.

ಸೆನ್ಸರ್ ಹಾಕಿದರೆ ಈ ಜಗಳವೇ ಇಲ್ಲ ಎಂದು ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಚಲನೆ ಗುರುತಿಸಲು ಬಳಸುವ ಪಿಐಆರ್ ಸೆನ್ಸರ್ ನೋಡುವುದು ಮನುಷ್ಯರನ್ನಲ್ಲ, ಶಾಖದ ಬದಲಾವಣೆಯನ್ನು. ಪವರ್ ಕೊಟ್ಟ ಮೇಲೆ ಅದು ನೆಲೆಗೊಳ್ಳಲು ಸುಮಾರು ಒಂದು ನಿಮಿಷ ಬೇಕು, ಅಷ್ಟರಲ್ಲಿ ಸುಳ್ಳು ಸಂಕೇತ ಕೊಡಬಹುದು. ಮುಂಬಯಿಯ ಸೆಕೆಯಲ್ಲಿ, ಹ್ಯಾಲೊಜನ್ ದೀಪದ ಎದುರು, ದೊಡ್ಡ ಫ್ಯಾನು ಬಿಸಿಗಾಳಿ ತಳ್ಳುವ ಮಂಡಪದಲ್ಲಿ ಅದನ್ನು ನಂಬಿ ಶೋ ನಡೆಸುವುದು ಕಷ್ಟ. ಎದುರುಬದುರು ಕೂರಿಸಿ ನಡುವೆ ಬೆಳಕಿನ ಕಿರಣ ಹಾಯಿಸುವ ಬೀಮ್ ಸೆನ್ಸರ್ ಹೆಚ್ಚು ನಂಬಿಕಸ್ಥ. ಅಡ್ಡ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಆದರೆ ಬಾಗಿಲಿಗೆ ಕಟ್ಟಿದ ಚೆಂಡುಹೂವಿನ ತೋರಣ ಗಾಳಿಗೆ ತೂಗಿದರೂ ಅದಕ್ಕೆ ಅಡ್ಡವೇ. ಅದಕ್ಕೆ ಬೀಮನ್ನು ಸೊಂಟದ ಮಟ್ಟದಲ್ಲಿ, ಅಲಂಕಾರದಿಂದ ದೂರ ಇಡಿ. ‘ಆನ್ ಡಿಲೇ’, ಅಂದರೆ ಅಡ್ಡ ಬಂದದ್ದು ಇಷ್ಟು ಹೊತ್ತು ಅಲ್ಲೇ ಇದ್ದರೆ ಮಾತ್ರ ಒಪ್ಪು ಎಂಬ ಸೆಟ್ಟಿಂಗ್, ಅರ್ಧ ಸೆಕೆಂಡ್ ಕೊಡಿ, ಹಾರುವ ಕಾಗದದ ಚೂರಿಗೆ ಶೋ ಶುರುವಾಗದಿರಲಿ.

ಮೂರು ವೈರಿನ ಸೆನ್ಸರ್‌ನಲ್ಲಿ ಕಂದು ವೈರು ಪ್ಲಸ್, ನೀಲಿ ಮೈನಸ್, ಕಪ್ಪು ಸಿಗ್ನಲ್. ಎನ್‌ಪಿಎನ್ ಬಗೆಯದು ಇನ್‌ಪುಟ್ಟನ್ನು ಗ್ರೌಂಡಿಗೆ ಎಳೆಯುತ್ತದೆ. ಪಿಎನ್‌ಪಿ ಬಗೆಯದು ಪ್ಲಸ್ ವೋಲ್ಟೇಜು ಕೊಡುತ್ತದೆ. ಡ್ರೈ ಕಾಂಟ್ಯಾಕ್ಟ್ ಇನ್‌ಪುಟ್‌ಗೆ ಎನ್‌ಪಿಎನ್ ಸಾಮಾನ್ಯವಾಗಿ ನೇರ ಹೊಂದುತ್ತದೆ, ಎರಡರ ಮೈನಸ್ ಒಂದೇ ಆಗಿದ್ದರೆ. ಪಿಎನ್‌ಪಿ ತಂದಿದ್ದರೆ ನಡುವೆ ರಿಲೇ ಬೇಕು. ಅಂಗಡಿಯಲ್ಲೇ ಕೇಳಿ ತನ್ನಿ.

ಹಾಗಾದರೆ ಯಾವುದು ಒಳ್ಳೆಯದು? ಜನ ತಂಡ ತಂಡವಾಗಿ ಬರುವ ಕಡೆ ನನಗೆ ಕಾರ್ಯಕರ್ತನ ಕೈಯ ಬಟನ್ನೇ ಇಷ್ಟ. ಮಗು ಇನ್ನೂ ಅಪ್ಪನ ಕೈ ಹಿಡಿದು ಒಳಗೆ ಬರುತ್ತಿದೆ, ಒಂದು ಕ್ಷಣ ತಡೆಯೋಣ ಎಂದು ಅವನಿಗೆ ಕಾಣುತ್ತದೆ. ಯಾವ ಸೆನ್ಸರ್‌ಗೂ ಅದು ಕಾಣುವುದಿಲ್ಲ.

ಗಡಿಯಾರವೂ ಒಂದು ಟ್ರಿಗರ್. ಕಂಟ್ರೋಲರ್‌ಗಳಲ್ಲಿ ದಿನದ ವೇಳೆ ನೋಡಿ ಶೋ ಓಡಿಸುವ, ಇಲ್ಲವೇ ಬಟನ್ನನ್ನು ತಡೆಯುವ ಸೌಲಭ್ಯ ಇರುತ್ತದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ತೆರೆದ ಜಾಗದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಲೌಡ್‌ಸ್ಪೀಕರ್ ಹಾಕುವಂತಿಲ್ಲ. ಹಬ್ಬಗಳಿಗೆಂದು ವರ್ಷಕ್ಕೆ 15 ದಿನ ಮೀರದಂತೆ ರಾಜ್ಯ ಸರ್ಕಾರ ಮಧ್ಯರಾತ್ರಿವರೆಗೆ ಸಡಿಲಿಕೆ ಕೊಡಬಹುದು. ಯಾವ ದಿನ ಎಂಬುದನ್ನು ಆಯಾ ವರ್ಷದ ಆದೇಶದಲ್ಲೇ ನೋಡಬೇಕು. ಇದನ್ನು ಮನುಷ್ಯರ ನೆನಪಿಗೆ ಬಿಡಬೇಡಿ. ಶೋ 8 ನಿಮಿಷ ಇದ್ದರೆ 9:50ರ ನಂತರ ಧ್ವನಿ ಇರುವ ಶೋ ಶುರುವಾಗದ ಹಾಗೆ ಇನ್‌ಪುಟ್‌ಗೆ ವೇಳೆಯ ಷರತ್ತು ಹಾಕಿ. ಅದೇ ಬಟನ್ ಆಮೇಲೆ ಬರೀ ಬೆಳಕಿನ ಶೋ ಓಡಿಸಲಿ. ತಡವಾಗಿ ಬಂದ ಭಕ್ತರಿಗೂ ದರ್ಶನ ಆಗುತ್ತದೆ, ಎದುರಿನ ಕಟ್ಟಡದಲ್ಲಿ ಮಲಗಿರುವ ರೋಗಿಗೂ ನಿದ್ದೆ ಆಗುತ್ತದೆ.

ಸಂಜೆಯ ಲೈಟಿಗೆ ನಿಗದಿತ ವೇಳೆಗಿಂತ ಸೂರ್ಯಾಸ್ತದ ಲೆಕ್ಕ ಒಳ್ಳೆಯದು. ಮುಂಬಯಿಯಲ್ಲಿ ಜೂನ್ ಕೊನೆಗೆ ಸೂರ್ಯ ಮುಳುಗುವುದು 7:15ರ ಸುತ್ತಮುತ್ತ, ಡಿಸೆಂಬರ್ ಶುರುವಿಗೆ 6ರ ಹೊತ್ತಿಗೆ. ಒಂದು ಗಂಟೆಗಿಂತ ಜಾಸ್ತಿ ವ್ಯತ್ಯಾಸ. ದೇವಸ್ಥಾನಕ್ಕೆ ವರ್ಷವಿಡೀ ಓಡುವ ಲೈಟು ಹಾಕಿಕೊಟ್ಟವರಿಗೆ ಇದರ ಬೆಲೆ ಗೊತ್ತು. ಪೆಟ್ಟಿಗೆಯೊಳಗಿನ ಗಡಿಯಾರದ ಬ್ಯಾಟರಿ ಸತ್ತಿದೆಯಾ ಎಂದು ಹಬ್ಬಕ್ಕೆ ಮುಂಚೆ ನೋಡಿ. ಮೈನ್ ಸ್ವಿಚ್ ಆಫ್ ಮಾಡಿ ಆನ್ ಮಾಡಿದಾಗ ವೇಳೆ ಹಳೆಯದಕ್ಕೆ ಹೋದರೆ ಬ್ಯಾಟರಿ ಬದಲಿಸಿ.

ಉಳಿದ ಬಗೆಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಡಿಎಂಎಕ್ಸ್ ಲೈನನ್ನೇ ಟ್ರಿಗರ್ ಆಗಿ ಓದುವುದಾದರೆ ಚಾನೆಲ್ಲಿನ ಮಟ್ಟ (0ರಿಂದ 255ರವರೆಗೆ ಇರುತ್ತದೆ) 200 ದಾಟಿದಾಗ ‘ಬಂತು’, 50ಕ್ಕಿಂತ ಇಳಿದಾಗ ‘ಹೋಯಿತು’ ಎಂದು ನಡುವೆ ಅಂತರ ಇಡಿ. ಒಂದೇ ಅಂಕಿ ಇಟ್ಟರೆ ಮಟ್ಟ ಏರಿಸಿ ಇಳಿಸುವ ಫೇಡರ್ ಆ ಗಡಿಯಲ್ಲಿ ನಿಂತಾಗ ಟ್ರಿಗರ್ ಮಿನುಗುತ್ತದೆ. ಸೀರಿಯಲ್ ಪೋರ್ಟಿಗೆ ವೇಗ ಎರಡೂ ಕಡೆ ಒಂದೇ ಇರಬೇಕು, ಒಂದು ಕಡೆಯ ಟಿಎಕ್ಸ್ (ಕಳಿಸುವ ವೈರು) ಇನ್ನೊಂದು ಕಡೆಯ ಆರ್‌ಎಕ್ಸ್‌ಗೆ (ಪಡೆಯುವ ವೈರಿಗೆ) ಹೋಗಬೇಕು, ಸಾಲಿನ ಕೊನೆಯ ಗುರುತು ಹೊಂದಬೇಕು. ನೆಟ್‌ವರ್ಕಿನಲ್ಲಿ ಯುಡಿಪಿ ಎಂಬ ವಿಧಾನದಿಂದ ಕಳಿಸುವ ಸಂದೇಶ ತಲುಪಿತೆಂಬ ಖಾತರಿ ಕೊಡುವುದಿಲ್ಲ, ಅದಕ್ಕೇ ಕೆಲವರು ಎರಡು ಮೂರು ಸಲ ಕಳಿಸುತ್ತಾರೆ. ಹಾಗೆ ಕಳಿಸುವುದಾದರೆ ಈಗ ಹೇಳಿದ ‘ಗಮನಿಸಬೇಡ’ ಇರಲೇಬೇಕು. ಟೈಮ್‌ಕೋಡ್, ಅಂದರೆ ಆಡಿಯೊ, ವಿಡಿಯೊ ಜೊತೆಗೆ ಓಡುವ ವೇಳೆಯ ಸಂಕೇತ, ಬಳಸುವವರು ಸೆಕೆಂಡಿಗೆ ಫ್ರೇಮ್ ಲೆಕ್ಕ ಎರಡೂ ಕಡೆ 25 ಇದೆಯೋ 30 ಇದೆಯೋ ನೋಡಿಕೊಳ್ಳಿ.

ಕರೆಂಟು ಹೋಗಿ ಜನರೇಟರ್ ಬರುವ ಆ ಕೆಲವು ಸೆಕೆಂಡುಗಳ ಬಗ್ಗೆ ಯಾರೂ ಯೋಚಿಸುವುದಿಲ್ಲ. ಕಂಟ್ರೋಲರ್ ಮತ್ತೆ ಏಳುವಾಗ ಇನ್‌ಪುಟ್‌ಗಳು ಒಂದು ಕ್ಷಣ ಏನನ್ನಾದರೂ ತೋರಿಸಬಹುದು, ಸೆನ್ಸರ್‌ಗಳು ಇನ್ನೂ ನೆಲೆಗೊಂಡಿರುವುದಿಲ್ಲ. ಗೊಂಬೆಯ ಕೈ ಅರ್ಧದಲ್ಲಿ ನಿಂತಿರುತ್ತದೆ. ಕತ್ತಲಲ್ಲಿ ಯಾರಾದರೂ ಒಳಗೆ ಹೋಗಿ ಅದನ್ನು ಸರಿಮಾಡುತ್ತಿರಬಹುದು. ಆ ಹೊತ್ತಿಗೆ ಶೋ ತಾನಾಗಿ ಶುರುವಾಗಬಾರದು. ಪವರ್ ಬಂದ ಮೇಲೆ ಮೊದಲ ಒಂದೆರಡು ನಿಮಿಷ ಇನ್‌ಪುಟ್ ಓದಬೇಡ, ಆಮೇಲೂ ಸ್ಟೇಜಿನ ಹಿಂದಿನ ಬೀಗದ ಕೀ ತಿರುಗಿಸುವವರೆಗೆ ಕಾಯು ಎಂದು ಹೇಳಿಡಿ.

ಇದೇ ಮಾತು ಎಮರ್ಜೆನ್ಸಿ ಸ್ಟಾಪ್‌ಗೆ ತಂದು ನಿಲ್ಲಿಸುತ್ತದೆ. ದಯವಿಟ್ಟು ಇದನ್ನು ಗಮನ ಕೊಟ್ಟು ಕೇಳಿ. ಚಲಿಸುವ ಭಾಗ ಇರುವ ಯಾವ ಶೋಗೂ ಕೆಂಪು ಬಟನ್ ಬೇಕು, ಮತ್ತು ಅದರ ಕೆಲಸ ಕಂಟ್ರೋಲರ್‌ನ ಇನ್‌ಪುಟ್ ಮೇಲೆ ನಿಂತಿರಬಾರದು. ಪ್ರೋಗ್ರಾಮ್ ಸಿಕ್ಕಿಕೊಂಡಿರುವಾಗಲೇ ನಿಮಗೆ ಆ ಬಟನ್ ಬೇಕಾಗುವುದು. ಸಿಕ್ಕಿಕೊಂಡ ಪ್ರೋಗ್ರಾಮು ಇನ್‌ಪುಟ್ ಓದುವುದಿಲ್ಲ. ಕೆಂಪು ಬಟನ್ನಿನ ಎನ್‌ಸಿ ಕಾಂಟ್ಯಾಕ್ಟ್, ಅಂದರೆ ಸಾಮಾನ್ಯವಾಗಿ ಮುಚ್ಚಿರುವುದು, ಮೋಟರುಗಳ ಕಾಂಟ್ಯಾಕ್ಟರ್ (ಮೋಟರಿಗೆ ಕರೆಂಟು ಕೊಡುವ ದೊಡ್ಡ ರಿಲೇ) ಕಾಯಿಲ್‌ನ ದಾರಿಯಲ್ಲೇ ನೇರವಾಗಿ ಇರಲಿ. ಒತ್ತಿದರೆ ದಾರಿ ಕಡಿಯುತ್ತದೆ, ಮೋಟರಿಗೆ ಕರೆಂಟು ನಿಲ್ಲುತ್ತದೆ. ಇಲಿ ವೈರು ಕಡಿದರೂ ಮೋಟರು ನಿಲ್ಲುತ್ತದೆ. ತಪ್ಪಿದರೂ ಸುರಕ್ಷಿತ ಕಡೆಗೇ ತಪ್ಪಲಿ.

ಅದೇ ಬಟನ್ನಿಗೆ ಇನ್ನೊಂದು ಕಾಂಟ್ಯಾಕ್ಟ್ ಬ್ಲಾಕ್ ಸೇರಿಸಿ ಕಂಟ್ರೋಲರ್‌ಗೆ ಸುದ್ದಿ ಕೊಡಿ. ಅದು ಶೋ ನಿಲ್ಲಿಸುತ್ತದೆ, ಧ್ವನಿ ಇಳಿಸುತ್ತದೆ, ಸಭೆಯ ಲೈಟು ಪೂರ್ತಿ ಏರಿಸುತ್ತದೆ. ಎಮರ್ಜೆನ್ಸಿಯಲ್ಲಿ ಲೈಟು ಆರಿಸಬೇಡಿ, ಕತ್ತಲಲ್ಲಿ ಜನ ಗಾಬರಿಯಾಗುತ್ತಾರೆ. ಬಟನ್ ತಿರುಗಿಸಿ ಬಿಟ್ಟಾಗ ಏನೂ ತಾನಾಗಿ ಚಲಿಸಬಾರದು. ಐಎಸ್‌ಒ 13850 ಎಂಬ ಅಂತರರಾಷ್ಟ್ರೀಯ ಮಾನಕವೂ ಅದನ್ನೇ ಹೇಳುತ್ತದೆ. ಬಿಡುವುದು ಬೇರೆ, ಮತ್ತೆ ಶುರು ಮಾಡುವುದು ಬೇರೆ. ಸಭಾಂಗಣದ ಫೈರ್ ಅಲಾರಂನಿಂದ ಬರುವ ಸಂಕೇತಕ್ಕೂ ಎನ್‌ಸಿ ಕಾಂಟ್ಯಾಕ್ಟೇ ಇರಲಿ. ಆದ್ಯತೆಯಲ್ಲಿ ಅದು ಎಲ್ಲ ಇನ್‌ಪುಟ್‌ಗಳಿಗಿಂತ ಮೇಲಿರಲಿ. ಅಲಾರಂ ಕೂಗುವಾಗ ನಮ್ಮ ಸ್ಪೀಕರ್ ಅದನ್ನು ಮುಚ್ಚಿಹಾಕಬಾರದು.

ಪರೀಕ್ಷೆಯನ್ನು ನೀವೇ ಮಾಡಬೇಡಿ. ಕಟ್ಟಿದವರ ಕೈ ಸರಿಯಾದ ಹೊತ್ತಿಗೇ ಸರಿಯಾದ ಬಟನ್ ಒತ್ತುತ್ತದೆ. ಮಂಡಳದ ಹೊಸ ಹುಡುಗರನ್ನು ಕರೆದು ‘ಕೆಡಿಸಿ ನೋಡಿ’ ಎನ್ನಿ. ಎರಡು ಬಟನ್ ಒಟ್ಟಿಗೆ ಒತ್ತಲಿ, ಒತ್ತಿ ಹಿಡಿದಿರಲಿ, ಶೋ ನಡುವೆ ಮೈನ್ ಆಫ್ ಮಾಡಲಿ, ಇನ್‌ಪುಟ್ ವೈರು ಕಿತ್ತು ಮತ್ತೆ ಹಾಕಲಿ. ಅಷ್ಟು ಹೊತ್ತೂ ಗೊಂಬೆಗಳ ಹತ್ತಿರ ಯಾರೂ ಇರದ ಹಾಗೆ ಒಬ್ಬರು ಕಾವಲಿರಲಿ. ಏನೇನಾಯಿತು ಎಂದು ಇನ್ನೊಬ್ಬರು ಬರೆದುಕೊಳ್ಳಲಿ.

ಮಾತಿನ ನಂತರ ಕೆಲವು ಪ್ರಶ್ನೆ ಬಂದವು. ಎರಡನ್ನು ಇಲ್ಲಿ ಸೇರಿಸುತ್ತೇನೆ.

ಒಬ್ಬ ಹುಡುಗ ಕೇಳಿದ: “ಸರ್, ನಾವು ಕಂಟ್ರೋಲರ್ ಕೊಳ್ಳುವಷ್ಟು ದೊಡ್ಡ ಮಂಡಳ ಅಲ್ಲ. ಆರ್ಡುಯಿನೊದಲ್ಲಿ ಮಾಡಿಕೊಂಡರೆ ಆಗುತ್ತಾ?”

ಆರ್ಡುಯಿನೊ ಅಂದರೆ ನಾವೇ ಪ್ರೋಗ್ರಾಮ್ ಬರೆದು ಹಾಕುವ ಸಣ್ಣ ಬೋರ್ಡು. ಖಂಡಿತ ಆಗುತ್ತದೆ ತಮ್ಮಾ, ಮಾಡಿ. ಆದರೆ ಅದರ ಉನೊ ಬೋರ್ಡಿನ ಚಿಪ್ಪಿನೊಳಗಿನ ಪುಲ್‌ಅಪ್ ರೆಸಿಸ್ಟರ್, ಅಂದರೆ ಇನ್‌ಪುಟ್ಟನ್ನು ಮೇಲಕ್ಕೆ ಎಳೆದು ಹಿಡಿಯುವುದು, 20ರಿಂದ 50 ಕಿಲೊಓಮ್. ಮೇಜಿನ ಮೇಲಿನ ಬಟನ್ನಿಗೆ ಸಾಕು, 30 ಮೀಟರ್ ವೈರಿಗೆ ತುಂಬಾ ದುರ್ಬಲ. ಹೊರಗಿನ ಬಟನ್ನನ್ನು 12 ಅಥವಾ 24 ವೋಲ್ಟಿನಲ್ಲಿ ಓಡಿಸಿ, ಆಪ್ಟೊಕಪ್ಲರ್ ಮೂಲಕ ಬೋರ್ಡಿಗೆ ತನ್ನಿ. ಬೋರ್ಡಿಗೂ ಮೋಟರಿಗೂ ಪವರ್ ಸಪ್ಲೈ ಬೇರೆ ಬೇರೆ ಇರಲಿ. ಡಿಬೌನ್ಸ್, ಲಾಕ್‌ಔಟ್, ಪವರ್ ಬಂದ ಮೇಲಿನ ಕಾಯುವಿಕೆ ಎಲ್ಲವನ್ನೂ ನೀನೇ ಬರೆಯಬೇಕಾಗುತ್ತದೆ. ವಾಚ್‌ಡಾಗ್ ಟೈಮರ್ ಆನ್ ಮಾಡು, ಪ್ರೋಗ್ರಾಮ್ ಸಿಕ್ಕಿಕೊಂಡರೆ ಬೋರ್ಡು ತಾನೇ ರೀಸೆಟ್ ಆಗುತ್ತದೆ. ಕೆಂಪು ಬಟನ್ ಮಾತ್ರ ಆಗಲೇ ಹೇಳಿದ ಹಾಗೆ ಹೊರಗೇ.

ನಾಟಕ ತಂಡದ ಅಕ್ಕ ಒಬ್ಬರು ಕೇಳಿದರು: “ಸ್ಟೇಜಿನಲ್ಲಿ ನಟರೇ ವೈರ್‌ಲೆಸ್ ರಿಮೋಟಿನಿಂದ ಲೈಟು, ಸೌಂಡಿಗೆ ಕ್ಯೂ, ಅಂದರೆ ಶುರುವಿನ ಸೂಚನೆ, ಕೊಡುವ ಹಾಗೆ ಮಾಡಬಹುದಾ?”

ಮಾಡಬಹುದು ಅಕ್ಕ, ಆದರೆ ಅದೊಂದನ್ನೇ ನಂಬಬೇಡಿ. ಸಸ್ತಾ ರಿಮೋಟುಗಳು ಹೆಚ್ಚಾಗಿ 433 ಮೆಗಾಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತವೆ, ಗೇಟು, ಬೆಲ್ಲು ಎಲ್ಲ ಅದೇ ಸುತ್ತಮುತ್ತ ಇರುತ್ತವೆ. ರಿಮೋಟಿಗೂ ಸ್ಟೇಜಿನ ಪಕ್ಕದ ಮರೆಯಲ್ಲಿ, ವಿಂಗಿನಲ್ಲಿರುವ ವೈರಿನ ಬಟನ್ನಿಗೂ ಒಂದೇ ಕ್ಯೂ ಕೊಡಿ, ಯಾವುದು ಮೊದಲು ಬಂದರೂ ಓಡಲಿ. ಅದಾದ ಮೇಲೆ ಎರಡು ಸೆಕೆಂಡ್ ಯಾವ ಟ್ರಿಗರೂ ಒಪ್ಪದ ಹಾಗೆ ಲಾಕ್‌ಔಟ್ ಇಡಿ. ಇಲ್ಲದಿದ್ದರೆ ನಟನೂ ಒತ್ತಿ ವಿಂಗಿನವರೂ ಒತ್ತಿದಾಗ ಎರಡು ಕ್ಯೂ ಒಟ್ಟಿಗೆ ಹಾರುತ್ತವೆ. ರಿಮೋಟಿನ ಬ್ಯಾಟರಿಯನ್ನು ಪ್ರತಿ ಪ್ರಯೋಗಕ್ಕೆ ಮುಂಚೆ ಮೀಟರ್ ಹಿಡಿದು ನೋಡಿ, ಹೊಸದೊಂದು ಜೇಬಿನಲ್ಲಿ ಇರಲಿ.